ಅಕ್ಷರ ಸುಧಾರಿಸಿದ್ದು ಯಾವುದರಿಂದ? ಕಾಪಿ ಪುಸ್ತಕ, ಪೆನ್ನು, ತೋಳಿನ ಅಭ್ಯಾಸ, ಗೆರೆ ಹಾಳೆ

ದೊಡ್ಡವರಾದ ಮೇಲೆ ಅಕ್ಷರ ತಿದ್ದಿಕೊಳ್ಳಬೇಕು ಅಂತ ಹೊರಟರೆ ಮುಖ್ಯವಾಗಿ ನಾಲ್ಕು ದಾರಿ ಸಿಗುತ್ತವೆ. ಕಾಪಿ ಪುಸ್ತಕ ತಂದು ಬರೆಯುವುದು. ಒಳ್ಳೆಯ ಪೆನ್ನು ಕೊಳ್ಳುವುದು. ಬೆರಳಿನ ಬದಲು ತೋಳಿನಿಂದ ಬರೆಯಲು ಕಲಿಯುವುದು. ಇಲ್ಲವೇ ಹಾಳೆಯ ಕೆಳಗೆ ಗೆರೆ ಹಾಳೆ ಇಟ್ಟುಕೊಂಡು, ದಿನಾ ಬರೆಯುವುದನ್ನೇ ತಿದ್ದುತ್ತ ಹೋಗುವುದು. ನಾಲ್ಕನ್ನೂ ಮಾಡಿ ನೋಡಿದ್ದೇನೆ. ಅಳೆದದ್ದು ಮಾತ್ರ ಒಂದೇ ಅಳತೆಯಲ್ಲಿ. ಫೋನ್ ಕಿವಿಗೆ ಇಟ್ಟುಕೊಂಡು ಬರೆದ ವಿಳಾಸ, ಮೀಟಿಂಗಿನಲ್ಲಿ ಅವಸರದಲ್ಲಿ ಬರೆದ ನಾಲ್ಕು ಸಾಲು, ಇವನ್ನು ಮಾರನೇ ದಿನ ತಡವರಿಸದೆ ಓದಬಹುದಾ? ಅಭ್ಯಾಸದ ಪುಟ ಎಷ್ಟು ಚೆಂದ ಬಂತು ಅನ್ನುವುದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಕಾಪಿ ಪುಸ್ತಕದಲ್ಲೇ ಎರಡು ಥರ. ಒಂದರಲ್ಲಿ ಚುಕ್ಕಿ ಚುಕ್ಕಿಯಾಗಿ ಅಚ್ಚಾದ ಅಕ್ಷರದ ಮೇಲೆಯೇ ಪೆನ್ನು ಓಡಿಸಬೇಕು. ಇನ್ನೊಂದರಲ್ಲಿ ಮೇಲೆ ಮಾದರಿ ಸಾಲು, ಕೆಳಗೆ ಖಾಲಿ ಗೆರೆ. ಚುಕ್ಕಿಯದ್ದು ಬರೆಯುವಾಗ ಬಹಳ ಖುಷಿ ಕೊಡುತ್ತದೆ. ಆದರೆ ಚುಕ್ಕಿ ಹೋದ ಕೂಡಲೇ ಹಳೆಯ ಅಕ್ಷರ ವಾಪಸ್. ಅಲ್ಲಿ ಕೈ ಗೆರೆಯ ಹಿಂದೆ ಹೋಗುತ್ತದೆ ಅಷ್ಟೇ. ಎಲ್ಲಿ ಶುರು ಮಾಡಬೇಕು, ಎಲ್ಲಿ ತಿರುಗಬೇಕು, ಎಷ್ಟು ಅಗಲ ಇರಬೇಕು ಅಂತ ತಾನಾಗಿ ತೀರ್ಮಾನಿಸುವ ಅಗತ್ಯವೇ ಅದಕ್ಕೆ ಬರುವುದಿಲ್ಲ. ಮಾದರಿ ಸಾಲಿನ ಪುಸ್ತಕ ಎಷ್ಟೋ ವಾಸಿ. ಅದರಲ್ಲೂ ಮಾದರಿಯನ್ನು ನೋಡಿ, ಮುಚ್ಚಿಟ್ಟು, ನೆನಪಿನಿಂದ ಬರೆದು, ಆಮೇಲೆ ಪಕ್ಕದಲ್ಲಿಟ್ಟು ನೋಡಿದರೆ ಎಲ್ಲಿ ಎಡವಿದ್ದೇವೆ ಅಂತ ಚೆನ್ನಾಗಿ ಗೊತ್ತಾಗುತ್ತದೆ.

ಎರಡಕ್ಕೂ ಇರುವ ಕೊರತೆ ವೇಗದ್ದು. ಕಾಪಿ ಬರೆಯುವಾಗ ನಿಧಾನ, ಕೆಲಸದ ನಡುವೆ ಅವಸರ. ಹಾಗಾಗಿ ಒಬ್ಬರಿಗೇ ಎರಡು ಕೈಬರಹ ಆಗಿಬಿಡುತ್ತದೆ. ಪುಸ್ತಕದಲ್ಲಿ ಮುತ್ತು ಪೋಣಿಸಿದ ಹಾಗೆ, ಚೀಟಿಯಲ್ಲಿ ಕಾಗೆ ಕಾಲು ಗುಬ್ಬಿ ಕಾಲು. ಹೊಸದಾಗಿ ಲಿಪಿ ಕಲಿಯುವವರಿಗೆ, ಬರೆಯುವುದು ಬಿಟ್ಟು ಅಕ್ಷರದ ರೂಪವೇ ಮರೆತವರಿಗೆ ಕಾಪಿ ಬೇಕೇ ಬೇಕು. ರೂಪ ಗೊತ್ತಿದ್ದೂ ಅವಸರದಲ್ಲಿ ಕೆಡುವ ಕೈಗೆ ಅದು ಸಾಲದು.

ಪೆನ್ನಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಪೆನ್ನು ಬದಲಿಸಿದರೆ ಅಕ್ಷರ ಬದಲಾಗುತ್ತದೆ ಅನ್ನುವವರೂ ಇದ್ದಾರೆ, ಅದೆಲ್ಲ ಸುಮ್ನೆ ಅನ್ನುವವರೂ ಇದ್ದಾರೆ. ಬಾಲ್ ಪೆನ್, ಜೆಲ್ ಪೆನ್, ಇಂಕ್ ಪೆನ್ ಮೂರರಲ್ಲೂ ಒಂದೇ ಪ್ಯಾರಾವನ್ನು ಒಂದೇ ಥರದ ಹಾಳೆಯ ಮೇಲೆ ಬರೆದು ನೋಡಿದೆ. ವ್ಯತ್ಯಾಸ ಖಂಡಿತ ಇದೆ. ಬಾಲ್ ಪೆನ್ನಿನ ಶಾಯಿ ಎಣ್ಣೆ ಬೆರೆತದ್ದು, ಮಂದ. ಲಾಸ್ಲೋ ಬಿರೋ ಅನ್ನುವವರು 1938ರಲ್ಲಿ ಬಾಲ್ ಪೆನ್ನಿಗೆ ಪೇಟೆಂಟ್ ಪಡೆದ ಕಾಲದಿಂದಲೂ ಅದರ ಕೆಲಸ ಹೀಗೆಯೇ: ತುದಿಯ ಪುಟ್ಟ ಗುಂಡು ಉರುಳಿದರೆ ಮಾತ್ರ ಶಾಯಿ ಕಾಗದಕ್ಕೆ ಇಳಿಯುತ್ತದೆ. ಅದಕ್ಕೆ ಒಂದಿಷ್ಟು ಒತ್ತಲೇಬೇಕು. ಒತ್ತುವುದು ಅಭ್ಯಾಸವಾದರೆ ಹೆಬ್ಬೆರಳು ನೋಯುತ್ತದೆ, ಹಾಳೆಯ ಹಿಂದೆ ಬರೆದದ್ದೆಲ್ಲ ಉಬ್ಬಿಕೊಳ್ಳುತ್ತದೆ, ಸುತ್ತುಗಳು ಬಿಗಿಯಾಗಿ ಮೂಲೆ ಮೂಲೆಯಾಗುತ್ತವೆ.

ಇಂಕ್ ಪೆನ್ನಿನಲ್ಲಿ ಶಾಯಿ ನೀರಿನಂತೆ ತೆಳು. ನಿಬ್ಬಿನ ಸೀಳಿನಲ್ಲಿ ತಾನಾಗಿ ಇಳಿದು ಬರುತ್ತದೆ, ಕಾಗದಕ್ಕೆ ತಾಗಿದರೆ ಸಾಕು. ಒತ್ತಿದರೆ ನಿಬ್ಬು ಬಾಯಿ ಬಿಟ್ಟು ಗೆರೆ ದಪ್ಪ ಆಗುತ್ತದೆ, ಕಾಗದ ಕೆರೆಯುತ್ತದೆ. ಕೈ ಬಿಗಿಯಾಗಿದೆ ಅಂತ ಆ ಕ್ಷಣದಲ್ಲೇ ತಿಳಿಯುತ್ತದೆ. ಹಿಡಿತ ಸಡಿಲ ಮಾಡಿಕೊಳ್ಳಲು ನನಗೆ ಇದರಷ್ಟು ನೆರವಾದದ್ದು ಬೇರೆ ಇಲ್ಲ. ಜೆಲ್ ಪೆನ್ನಿಗೂ ಗುಂಡಿನ ತುದಿಯೇ, ಆದರೆ ಶಾಯಿ ನೀರು ಬೆರೆತದ್ದು, ಬಹಳ ಹಗುರವಾಗಿ ಓಡುತ್ತದೆ. ನುಣುಪು ಕಾಗದದ ಮೇಲೆ ಅದೇ ತೊಂದರೆ. ಕನ್ನಡದಲ್ಲಿ ಎಲ್ಲಿ ನೋಡಿದರೂ ಸುತ್ತು. ಸುತ್ತು ಮುಗಿದ ಕಡೆ ಪೆನ್ನು ನಿಲ್ಲದೆ ಜಾರಿದರೆ ಅಕ್ಷರಕ್ಕೆ ಬೇಡದ ಬಾಲ ಬರುತ್ತದೆ.

ಕಂಪನಿಗಿಂತ ತುದಿಯ ಅಳತೆ ಮುಖ್ಯ ಅಂತ ನನ್ನ ಅಭಿಪ್ರಾಯ. 1.0 ಮಿಲಿಮೀಟರ್ ತುದಿಯಲ್ಲಿ ಸಣ್ಣಗೆ ಬರೆದರೆ ಧ, ಢ, ಭ ಇವುಗಳ ಕೆಳಗಿನ ಸೀಳು ಶಾಯಿಯಲ್ಲಿ ಮುಚ್ಚಿಹೋಗುತ್ತದೆ. ಠ ಒಳಗಿನ ಚುಕ್ಕಿ ಸುತ್ತಿಗೆ ಅಂಟಿಕೊಂಡು ರ ಆಗುತ್ತದೆ. 0.5 ಅಥವಾ 0.7 ತುದಿಯಲ್ಲಿ ಅದೇ ಅಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತವೆ. ಇಷ್ಟಾದರೂ ಪದಗಳ ನಡುವಿನ ಜಾಗ, ಅಕ್ಷರದ ಎತ್ತರ, ಮೇಲಕ್ಕೆ ಏರುವ ಸಾಲು, ಇವು ಯಾವ ಪೆನ್ನಿನಿಂದಲೂ ಸರಿಹೋಗಲಿಲ್ಲ.

ತೋಳಿನ ಅಭ್ಯಾಸ ಅಮೆರಿಕದಿಂದ ಬಂದದ್ದು. ಆಸ್ಟಿನ್ ಪಾಮರ್ ಅನ್ನುವವರು 19ನೇ ಶತಮಾನದ ಕೊನೆಯಲ್ಲಿ ಇದನ್ನು ಪ್ರಚಾರಕ್ಕೆ ತಂದರು. ಮುಂದೋಳನ್ನು ಮೇಜಿನ ಮೇಲೆ ಊರಿ, ಬೆರಳು ಹೆಚ್ಚು ಅಲುಗಿಸದೆ, ತೋಳಿನ ಚಲನೆಯಿಂದಲೇ ಬರೆಯಬೇಕು. ಅಭ್ಯಾಸ ಅಂದರೆ ಸಾಲುಗಟ್ಟಲೆ ಮೊಟ್ಟೆಯಾಕಾರದ ಸುತ್ತು ಮತ್ತು ಮೇಲೆ ಕೆಳಗೆ ಓರೆ ಗೆರೆ. ಉದ್ದಕ್ಕೆ ಬರೆಯುವಾಗ ಮಣಿಕಟ್ಟು ಸೋಲದೆ ಇರುವುದು ಇದರ ನಿಜವಾದ ಲಾಭ. ಕೂಡಿಸಿ ಬರೆಯುವ ಇಂಗ್ಲಿಷಿಗೆ ಇದು ಹೇಳಿ ಮಾಡಿಸಿದ್ದು. ಕನ್ನಡದಲ್ಲಿ ಪೆನ್ನನ್ನು ಮೇಲಿಂದ ಮೇಲೆ ಎತ್ತಿ ಇಡಬೇಕು. ತಲೆಕಟ್ಟು, ಕೊಂಬು, ಒತ್ತು ಎಲ್ಲ ಪುಟ್ಟ ಪುಟ್ಟ ತಿರುವುಗಳು. ಅವಕ್ಕೆ ಬೆರಳೇ ಬೇಕು. ಸಾಲಿನಲ್ಲಿ ಮುಂದಕ್ಕೆ ಹೋಗಲು ತೋಳು, ಅಕ್ಷರ ಬರೆಯಲು ಬೆರಳು, ಹೀಗೆ ಹಂಚಿಕೊಂಡಾಗ ನನಗೆ ಹೊಂದಿತು. ಪರೀಕ್ಷೆಗೆ ಗಂಟೆಗಟ್ಟಲೆ ಬರೆಯುವವರು ಇಷ್ಟನ್ನಾದರೂ ಕಲಿಯಬೇಕು.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಗೆರೆ ಹಾಳೆ. ಕಪ್ಪಗೆ ಗೆರೆ ಎಳೆದ ಒಂದು ಹಾಳೆಯನ್ನು ಬಿಳಿ ಹಾಳೆಯ ಕೆಳಗೆ ಇಟ್ಟರೆ ಗೆರೆ ಮಸುಕಾಗಿ ಮೇಲೆ ಕಾಣುತ್ತದೆ. ನಾನು ಇಟ್ಟ ಅಂತರ 8 ಮಿಲಿಮೀಟರ್, ಅಕ್ಷರದ ಮೈ ಸುಮಾರು 3 ಮಿಲಿಮೀಟರ್. ಮೊದಲು ನೋಡಿದಾಗ ಜಾಗ ದಂಡ ಅನ್ನಿಸುತ್ತದೆ. ಆದರೆ ಕನ್ನಡದ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು ಇರುತ್ತವಲ್ಲ, ಅವಕ್ಕೂ ಜಾಗ ಬೇಕು. ಒಂದು ಸಾಲಿನಲ್ಲಿ "ರಾಷ್ಟ್ರ" ಬಂದು, ಅದರ ಕೆಳಗಿನ ಸಾಲಿನಲ್ಲಿ "ಸಿರಿ" ಬಂದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಗಲುತ್ತದೆ. ಪುಟ ಗಿಜಿಗಿಜಿ ಅನ್ನಿಸುವುದು ಎಷ್ಟೋ ಸಲ ಇದರಿಂದಲೇ. ಒತ್ತನ್ನು ಅಕ್ಷರದ ಅರ್ಧ ಎತ್ತರಕ್ಕೆ ಇಳಿಸಿ, ಸಾಲಿನ ಅಂತರ ಬಿಟ್ಟುಕೊಟ್ಟರೆ ಅದೇ ಕೈಬರಹ ಬೇರೆಯವರದ್ದು ಅನ್ನುವಷ್ಟು ತಿಳಿಯಾಗಿ ಕಾಣುತ್ತದೆ.

ಇದರ ಜೊತೆಗೆ ಒಂದು ಕ್ರಮ ಇಟ್ಟುಕೊಂಡೆ. ಬೇರೆ ಅಭ್ಯಾಸದ ಪುಟ ಇಲ್ಲ, ಕೆಲಸದ ಟಿಪ್ಪಣಿಯೇ ಅಭ್ಯಾಸ. ಮಾರನೇ ದಿನ ಅದನ್ನು ಓದುತ್ತ ತಡವರಿಸಿದ ಅಕ್ಷರಕ್ಕೆ ಮಾತ್ರ ಸುತ್ತು ಹಾಕುವುದು. ಸುತ್ತು ಬಿದ್ದ ಅಕ್ಷರಗಳು ಬೆರಳೆಣಿಕೆಯಷ್ಟೇ ಇದ್ದವು, ಅವೇ ಮತ್ತೆ ಮತ್ತೆ ಬರುತ್ತಿದ್ದವು. ನನ್ನ ಬರಹದಲ್ಲಿ ವ ಮತ್ತು ಪ ಮುಂದೆ ಇದ್ದವು. ಅವಸರದಲ್ಲಿ ವ ಮೇಲ್ಗಡೆ ಮುಚ್ಚದೆ ಉಳಿದರೆ ಪ ಥರ ಕಾಣುತ್ತದೆ. ಒಂದು ಸಲಕ್ಕೆ ಒಂದೇ ಅಕ್ಷರ ಹಿಡಿದು, ಅದು ಅವಸರದಲ್ಲೂ ಸರಿಯಾಗಿ ಬರುವ ತನಕ ಇನ್ನೊಂದಕ್ಕೆ ಕೈ ಹಾಕಲಿಲ್ಲ. ಪದಗಳ ನಡುವೆ ಒಂದು ಅಕ್ಷರದಷ್ಟು ಜಾಗ ಬಿಡುವುದನ್ನೂ ಹೀಗೆಯೇ ರೂಢಿ ಮಾಡಿಕೊಂಡೆ. ಕಾಪಿ ಪುಸ್ತಕ ಎಲ್ಲ ಅಕ್ಷರಕ್ಕೂ ಸಮ ಸಮ ಸಮಯ ಕೇಳುತ್ತದೆ. ಇಲ್ಲಿ ಕೆಟ್ಟದ್ದಕ್ಕೆ ಮಾತ್ರ ಶ್ರಮ. ಆಯ್ಕೆ ಮಾಡು ಅಂದರೆ ನಾನು ಗೆರೆ ಹಾಳೆ ಮತ್ತು ಇಂಕ್ ಪೆನ್ ಎರಡನ್ನೂ ಒಟ್ಟಿಗೆ ಹಿಡಿಯುತ್ತೇನೆ, ಕಾಪಿಯನ್ನು ಕೆಟ್ಟ ಅಕ್ಷರದ ಮಾದರಿ ನೋಡಲು ಮಾತ್ರ ತೆರೆಯುತ್ತೇನೆ.

ಎಡಗೈಯಲ್ಲಿ ಬರೆಯುವವರಿಗೆ ಲೆಕ್ಕ ಸ್ವಲ್ಪ ಬೇರೆ. ಬರೆದದ್ದರ ಮೇಲೆಯೇ ಕೈ ಸರಿಯುವುದರಿಂದ ಇಂಕ್ ಪೆನ್ನಿನ ಶಾಯಿ ಒರೆಸಿಹೋಗುತ್ತದೆ. ಬೇಗ ಒಣಗುವ ಬಾಲ್ ಪೆನ್ನೇ ಅವರಿಗೆ ವಾಸಿ. ಬಲಗೈಯವರು ಹಾಳೆಯ ಮೇಲ್ತುದಿಯನ್ನು ತುಸು ಎಡಕ್ಕೆ ವಾಲಿಸಿದರೆ, ಅವರು ಬಲಕ್ಕೆ ವಾಲಿಸಬೇಕು. ಆಗ ಕೈ ಸಾಲಿನ ಕೆಳಗೇ ಉಳಿಯುತ್ತದೆ, ಮಣಿಕಟ್ಟನ್ನು ಕೊಕ್ಕೆಯಂತೆ ಬಗ್ಗಿಸುವ ಕಷ್ಟ ತಪ್ಪುತ್ತದೆ.