ಉಚಿತ ಕ್ಲೌಡ್ ಕ್ರೆಡಿಟ್ ಕೊಡಿಸ್ತೀವಿ ಅಂತ ಫೋನ್ ಬಂದರೆ, ಮೊದಲು ಇದನ್ನು ಓದಿ

ಸಣ್ಣ ಸಾಫ್ಟ್‌ವೇರ್ ಕಂಪನಿ ನಡೆಸುವವರಿಗೆಲ್ಲ ಈ ಫೋನ್ ಒಂದಲ್ಲ ಒಂದು ದಿನ ಬರುತ್ತದೆ. "ನಿಮ್ಮ ಸ್ಟಾರ್ಟಪ್‌ಗೆ ಸಾವಿರಾರು ಡಾಲರ್ ಕ್ಲೌಡ್ ಕ್ರೆಡಿಟ್ ಉಚಿತವಾಗಿ ಕೊಡಿಸ್ತೀವಿ ಸರ್, ಸರ್ವರ್ ಬದಲಾಯಿಸೋ ಕೆಲಸನೂ ನಾವೇ ಮಾಡ್ತೀವಿ." ಕ್ಲೌಡ್ ಅಂದರೆ ದೊಡ್ಡ ಕಂಪನಿಗಳು ಇಂಟರ್ನೆಟ್ ಮೂಲಕ ಬಾಡಿಗೆಗೆ ಕೊಡುವ ಸರ್ವರ್‌ಗಳು, ಕ್ರೆಡಿಟ್ ಅಂದರೆ ಅದರ ಬಿಲ್ಲಿನಲ್ಲಿ ಕಳೆಯುವ ಉಚಿತ ಮೊತ್ತ. ಕ್ರೆಡಿಟ್ ಕೊಡಿಸುವುದು ಸುಳ್ಳಲ್ಲ. ಅದು ಮುಗಿದ ಮೇಲೆ ಏನಾಗುತ್ತದೆ ಅನ್ನುವುದನ್ನು ಮಾತ್ರ ಅವರು ಹೇಳುವುದಿಲ್ಲ.

ನಮ್ಮದು ಹುಬ್ಬಳ್ಳಿಯ ಪುಟ್ಟ ಕಂಪನಿ. ಕಲ್ಯಾಣ ಮಂಟಪಗಳಿಗೆ ಬುಕಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ಯಾವ ತಾರೀಖು ಖಾಲಿ ಇದೆ, ಅಡ್ವಾನ್ಸ್ ಎಷ್ಟು ಬಂತು, ಪಾತ್ರೆ ಬಾಡಿಗೆ, ಕರೆಂಟು, ಜಿಎಸ್‌ಟಿ ರಸೀದಿ, ಇಷ್ಟೇ. ಲಾರಾವೆಲ್ ಅನ್ನುವ ವೆಬ್ ಚೌಕಟ್ಟಿನಲ್ಲಿ ಬರೆದ ಒಂದೇ ಅಪ್ಲಿಕೇಶನ್, ಮಾಹಿತಿ ಇಡಲು ಒಂದು ಮೈಎಸ್‌ಕ್ಯೂಎಲ್ ಡೇಟಾಬೇಸ್, ಎರಡೂ ಒಂದೇ ಬಾಡಿಗೆ ಸರ್ವರ್‌ನಲ್ಲಿ ಇದ್ದವು. ಬ್ಯಾಕಪ್ ರಾತ್ರಿ ಬೇರೆ ಕಡೆಗೆ ಹೋಗುತ್ತಿತ್ತು. ತಿಂಗಳ ಸರ್ವರ್ ಬಾಡಿಗೆ ಆಫೀಸಿನ ಚಹಾದ ಖರ್ಚಿಗಿಂತ ಕಡಿಮೆ ಇತ್ತು.

ಬಂದವರು ಬೆಂಗಳೂರಿನ ಒಂದು ಕ್ಲೌಡ್ ಏಜೆನ್ಸಿ. ಹೆಸರು ಬೇಡ. "ಇದು ಹಳೇ ಕಾಲದ್ದು, ಇನ್ವೆಸ್ಟರ್ ಮುಂದೆ ತೋರಿಸೋಕಾಗಲ್ಲ. ಮೈಕ್ರೋಸರ್ವಿಸ್ ಮಾಡಿ, ಕುಬರ್ನೆಟಿಸ್ ಹಾಕಿ" ಅಂದರು. ಮೈಕ್ರೋಸರ್ವಿಸ್ ಅಂದರೆ ಒಂದು ಅಪ್ಲಿಕೇಶನ್ನನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಒಡೆಯುವುದು, ಕುಬರ್ನೆಟಿಸ್ ಅಂದರೆ ಆ ತುಂಡುಗಳನ್ನು ಹಲವು ಯಂತ್ರಗಳ ಮೇಲೆ ಓಡಿಸುವ ಸಾಧನ. ಮದುವೆ ಸೀಸನ್ನಿನಲ್ಲಿ ಸರ್ವರ್ ತಾನೇ ದೊಡ್ಡದಾಗುತ್ತದೆ, ಆಷಾಢದಲ್ಲಿ ತಾನೇ ಚಿಕ್ಕದಾಗುತ್ತದೆ, ಬಳಸಿದಷ್ಟಕ್ಕೇ ದುಡ್ಡು ಅಂತ ಲಿಖಿತವಾಗಿಯೇ ಕೊಟ್ಟರು. ಕುಬರ್ನೆಟಿಸ್ ಅನ್ನು 2014ರಲ್ಲಿ ಹೊರಗೆ ಬಿಟ್ಟಿದ್ದು ಗೂಗಲ್. ಸಾವಿರಾರು ಯಂತ್ರಗಳನ್ನು ಒಟ್ಟಿಗೆ ನಡೆಸಿದ ಅನುಭವದಿಂದ ಹುಟ್ಟಿದ ಸಾಧನ ಅದು. ನಮ್ಮಲ್ಲಿ ಮಾಘ, ವೈಶಾಖದ ಭರಾಟೆಯಲ್ಲೂ ಒಟ್ಟಿಗೆ ಲಾಗಿನ್ ಆದವರು ನೂರು ದಾಟುವುದು ಅಪರೂಪ. ಇದನ್ನು ಹೇಳಿದರೆ "ಬೆಳೆದ ಮೇಲೆ ಬೇಕಾಗುತ್ತಲ್ವಾ ಸರ್" ಅನ್ನುವ ಉತ್ತರ ಬಂತು.

ಒಂದು ಅಪ್ಲಿಕೇಶನ್ ಇದ್ದದ್ದು ಬುಕಿಂಗ್, ಪೇಮೆಂಟ್, ಎಸ್‌ಎಂಎಸ್, ರಿಪೋರ್ಟ್ ಅಂತ ತುಂಡಾಯಿತು. ಪ್ರತಿ ತುಂಡಿಗೂ ಬೇರೆ ಡೇಟಾಬೇಸ್. ಡೆವಲಪ್‌ಮೆಂಟ್‌ಗೆ ಒಂದು, ಬಿಡುವ ಮುನ್ನ ಪರೀಕ್ಷಿಸುವ ಸ್ಟೇಜಿಂಗ್‌ಗೆ ಒಂದು, ಅದೇ ಸೆಟಪ್‌ನ ಪೂರ್ತಿ ನಕಲು. ಕ್ರೆಡಿಟ್ ಇದ್ದಷ್ಟು ದಿನ ಬಿಲ್ ಸೊನ್ನೆ. ಸೊನ್ನೆ ಬರುವ ಬಿಲ್ಲನ್ನು ಯಾರೂ ತೆರೆದು ನೋಡುವುದಿಲ್ಲ. ಈ ವ್ಯಾಪಾರ ನಿಂತಿರುವುದೇ ಅದರ ಮೇಲೆ.

ಕ್ರೆಡಿಟ್‌ಗೆ ಎಕ್ಸ್‌ಪೈರಿ ಇರುತ್ತದೆ. ಇನ್ನೂ ಉಳಿದಿದ್ದರೂ ತಾರೀಖು ದಾಟಿದರೆ ಹೋಯಿತು. ನಮ್ಮದು ಮುಗಿದದ್ದು ಆಷಾಢಕ್ಕೆ ಸರಿಯಾಗಿ. ಮಂಟಪಗಳೆಲ್ಲ ಖಾಲಿ, ಬುಕಿಂಗ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಬಿಲ್ ಮಾತ್ರ ಒಬ್ಬ ಡೆವಲಪರ್‌ನ ಸಂಬಳದಷ್ಟು ಬಂತು, ಅದೂ ಡಾಲರ್ ಲೆಕ್ಕದಲ್ಲಿ, ಮೇಲೆ ಶೇ 18 ಜಿಎಸ್‌ಟಿ. ತಾನೇ ಚಿಕ್ಕದಾಗುವುದು ಎಲ್ಲಿ ಹೋಯಿತು ಅಂತ ಸಾಲುಸಾಲಾಗಿ ನೋಡಿದೆವು. ಚಿಕ್ಕದಾಗಿದ್ದು ಅಪ್ಲಿಕೇಶನ್ ಓಡುವ ಯಂತ್ರಗಳು ಮಾತ್ರ. ಕ್ಲಸ್ಟರ್ ಅನ್ನುವ ಯಂತ್ರಗಳ ಗುಂಪನ್ನು ನಿಯಂತ್ರಿಸುವ ಕಂಟ್ರೋಲ್ ಪ್ಲೇನ್‌ಗೆ ಗಂಟೆ ಲೆಕ್ಕ, ಜನ ಬರಲಿ ಬಿಡಲಿ. ಬಂದವರನ್ನು ಯಂತ್ರಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್‌ಗೂ ಗಂಟೆ ಲೆಕ್ಕ. ಒಳಗಿನ ಯಂತ್ರಗಳು ಇಂಟರ್ನೆಟ್ಟಿಗೆ ಹೋಗುವ ದಾರಿಯಾದ ನ್ಯಾಟ್ ಗೇಟ್‌ವೇಗೆ ಗಂಟೆ ಲೆಕ್ಕದ ಜೊತೆ, ಅದರ ಮೂಲಕ ಹೋದ ಪ್ರತಿ ಜಿಬಿಗೂ ದುಡ್ಡು. ಪ್ರತಿ ಡೇಟಾಬೇಸ್‌ಗೂ ಕೆಟ್ಟರೆ ಇರಲಿ ಅಂತ ಒಂದು ಸ್ಟ್ಯಾಂಡ್‌ಬೈ, ಅಂದರೆ ಅಲ್ಲಿ ಎರಡರಷ್ಟು. ಸುಮ್ನೆ ಬರೆದುಕೊಳ್ಳುತ್ತಾ ಹೋಗುವ ಲಾಗ್‌ಗಳಿಗೂ ಜಿಬಿ ಲೆಕ್ಕ. ಅಸಲಿ ಒಂದು, ನಕಲು ಎರಡು, ಹಾಗಾಗಿ ಇದೆಲ್ಲ ಇಂಟು ಮೂರು. ಬಜೆಟ್ ಅಲರ್ಟ್ ಇಟ್ಟಿದ್ದರು, ನಿಜ. ಆದರೆ ಅಲರ್ಟ್ ಇಮೇಲ್ ಕಳಿಸುತ್ತದೆಯೇ ಹೊರತು ಖರ್ಚನ್ನು ನಿಲ್ಲಿಸುವುದಿಲ್ಲ. ಆ ಇಮೇಲ್ ಹೋಗುತ್ತಿದ್ದದ್ದು ಏಜೆನ್ಸಿಯ ಇನ್‌ಬಾಕ್ಸಿಗೆ.

ದುಡ್ಡಾದರೂ ಹೋಗಲಿ ಅನ್ನಬಹುದಿತ್ತು. ಶ್ರಾವಣದಲ್ಲಿ ಒಬ್ಬ ಮಂಟಪದ ಮಾಲೀಕರು ಫೋನ್ ಮಾಡಿದರು. "ಏನ್ರೀ ಇದು, ಒಂದೇ ದಿನಕ್ಕ ಎರಡು ಮದುವಿ ಬುಕ್ ಮಾಡೀರಲ್ಲ?" ಮೊದಲು ಹಾಗಾಗಲು ಸಾಧ್ಯವೇ ಇರಲಿಲ್ಲ. ಮಂಟಪ ಮತ್ತು ತಾರೀಖು ಸೇರಿಸಿ ಒಂದು ಯುನಿಕ್ ಇಂಡೆಕ್ಸ್, ಅಂದರೆ ಒಂದೇ ಜೋಡಿ ಎರಡು ಸಲ ದಾಖಲಾಗದಂತೆ ತಡೆಯುವ ಬೀಗ; ಬುಕಿಂಗ್ ಮತ್ತು ಅಡ್ವಾನ್ಸ್ ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ. ಎರಡೂ ದಾಖಲಾಗಬೇಕು, ಇಲ್ಲಾಂದ್ರೆ ಎರಡೂ ಆಗಬಾರದು. ಡೇಟಾಬೇಸ್ ಬೇರೆ ಬೇರೆ ಆದ ಮೇಲೆ ಆ ಕಾವಲು ತಪ್ಪಿತು. ಪೇಮೆಂಟ್ ಬಂದ ಸುದ್ದಿ ತುಂಡುಗಳ ನಡುವೆ ಸಂದೇಶ ಸಾಗಿಸುವ ಕ್ಯೂನಲ್ಲಿ ಸಿಕ್ಕಿಕೊಂಡಿತ್ತು. ಬುಕಿಂಗ್ ತುಂಡಿಗೆ ಆ ತಾರೀಖು ಇನ್ನೂ ಖಾಲಿಯೇ ಕಾಣುತ್ತಿತ್ತು. ಅಷ್ಟರಲ್ಲಿ ಇನ್ನೊಂದು ಮನೆಯವರು ಅಡ್ವಾನ್ಸ್ ಕಟ್ಟಿದರು. ಇಬ್ಬರ ಮನೆಯಲ್ಲೂ ಲಗ್ನಪತ್ರಿಕೆ ಅಚ್ಚಿಗೆ ಹೋಗಿತ್ತು. ಪಕ್ಕದ ಊರಿನ ಮಂಟಪ ಹುಡುಕಿ, ಬಾಡಿಗೆಯ ವ್ಯತ್ಯಾಸವನ್ನು ನಾವೇ ಕೊಟ್ಟೆವು. ಏಜೆನ್ಸಿ ಇದಕ್ಕೆ "ಇವೆಂಚುವಲ್ ಕನ್ಸಿಸ್ಟೆನ್ಸಿ" ಅಂತ ಹೆಸರು ಹೇಳಿತು, ಅಂದರೆ ಎಲ್ಲ ಡೇಟಾಬೇಸ್‌ಗಳಲ್ಲೂ ಮಾಹಿತಿ ತಡವಾಗಿಯಾದರೂ ಒಂದೇ ಆಗುತ್ತದೆ ಅಂತ. ಮದುವೆ ಮನೆಯವರ ಮುಂದೆ ಹೋಗಿ ಆ ಹೆಸರು ಹೇಳಲು ಅವರ್ಯಾರೂ ಬರಲಿಲ್ಲ.

ಖರ್ಚು ಇಳಿಸಿ ಅಂದಾಗ, ಮೂರು ವರ್ಷದ ಕಮಿಟ್‌ಮೆಂಟ್ ಕೊಟ್ಟರೆ ರೇಟು ಇಳಿಯುತ್ತದೆ ಅಂದರು! ಆಗ ಕರಾರು ಪತ್ರ ತೆಗೆದು ಪೂರ್ತಿ ಓದಿದೆವು. ಅವರು ಬರೀ ಸಲಹೆಗಾರರಲ್ಲ, ರೀಸೆಲ್ಲರ್. ಕ್ಲೌಡ್ ಅವರ ಮೂಲಕ ಬರುತ್ತಿತ್ತು, ನಮ್ಮ ಬಿಲ್ಲಿನಲ್ಲಿ ಅವರಿಗೆ ಮಾರ್ಜಿನ್ ಇತ್ತು. ಬಿಲ್ ಜಾಸ್ತಿಯಾದಷ್ಟೂ ಅವರ ಪಾಲು ಜಾಸ್ತಿ. ಅಕೌಂಟಿನ ಪೂರ್ತಿ ಹಿಡಿತ ಇರುವ ರೂಟ್ ಇಮೇಲ್ ಅವರದ್ದು, ಅದರ ಓಟಿಪಿ ಬರುವ ಫೋನೂ ಅವರದ್ದು. ಹೊರಗೆ ಬರುತ್ತೇವೆ ಅಂದಾಗ ನೋಟಿಸ್ ಅವಧಿ ಅಂದರು, "ಎಕ್ಸಿಟ್ ಚಾರ್ಜ್" ಅಂದರು.

ಅಪ್ಲಿಕೇಶನ್‌ನ ಡೇಟಾಬೇಸ್ ಪಾಸ್‌ವರ್ಡ್ ನಮ್ಮ ಹತ್ತಿರವೂ ಇತ್ತು, ಬಚಾವಾದೆವು. ರಾತ್ರಿ ಕೂತು ಎಲ್ಲ ಡೇಟಾಬೇಸ್‌ಗಳ ಡಂಪ್, ಅಂದರೆ ಪೂರ್ತಿ ನಕಲು ತೆಗೆದು, ಮತ್ತೆ ಒಂದೇ ಡೇಟಾಬೇಸ್ ಮಾಡಿ, ಬಾಡಿಗೆ ಸರ್ವರ್‌ಗೆ ಹಾಕಿದೆವು. ನಮ್ಮ ವೆಬ್ ವಿಳಾಸ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವ ಡಿಎನ್‌ಎಸ್ ಅವರ ಕೈಯಲ್ಲಿತ್ತು, ಆದರೆ ಡೊಮೇನ್ ನೋಂದಣಿ ನಮ್ಮ ಹೆಸರಿನಲ್ಲಿತ್ತು. ಹಾಗಾಗಿ ಡೊಮೇನ್ ನೋಂದಾಯಿಸಿದ ರಿಜಿಸ್ಟ್ರಾರ್‌ಗೆ ಲಾಗಿನ್ ಆಗಿ, ಡಿಎನ್‌ಎಸ್ ನೋಡಿಕೊಳ್ಳುವ ನೇಮ್ ಸರ್ವರ್ ಬದಲಿಸಲು ಅವರ ಅಪ್ಪಣೆ ಬೇಕಾಗಲಿಲ್ಲ. ಅದೊಂದು ಅವರ ಹೆಸರಿನಲ್ಲಿದ್ದಿದ್ದರೆ ನಮ್ಮ ಕಥೆ ಮುಗಿದೇ ಹೋಗುತ್ತಿತ್ತು.

ಮೈಕ್ರೋಸರ್ವಿಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನೂರಾರು ಎಂಜಿನಿಯರ್‌ಗಳಿದ್ದರೆ ಕೆಲಸ ಹಂಚಲು ಅದು ಬೇಕಾಗಬಹುದು. ಆದರೆ ಅಮೆಜಾನ್ ಪ್ರೈಮ್ ವಿಡಿಯೋದ ಒಂದು ತಂಡವೇ 2023ರಲ್ಲಿ, ವಿಡಿಯೋ ಗುಣಮಟ್ಟ ಪರೀಕ್ಷಿಸುವ ತನ್ನ ವ್ಯವಸ್ಥೆಯನ್ನು ತುಂಡುಗಳಿಂದ ಮತ್ತೆ ಒಂದೇ ಅಪ್ಲಿಕೇಶನ್‌ಗೆ ತಂದು ಖರ್ಚನ್ನು ಶೇ 90ಕ್ಕೂ ಹೆಚ್ಚು ಇಳಿಸಿದ್ದಾಗಿ ಬರೆದಿತ್ತು. ಅಂಥವರೇ ಲೆಕ್ಕ ಹಾಕಿ ಹಿಂದೆ ಬಂದಿದ್ದಾರೆ.

ಯಾರಾದರೂ ನಿಮ್ಮಲ್ಲಿಗೆ ಬಂದರೆ ಇಷ್ಟನ್ನು ಇಮೇಲ್‌ನಲ್ಲಿ ಕೇಳಿ: ಕ್ರೆಡಿಟ್ ಇಲ್ಲದಿದ್ದರೆ, ಒಬ್ಬ ಬಳಕೆದಾರನೂ ಬರದ ತಿಂಗಳಲ್ಲಿ ಬಿಲ್ ಎಷ್ಟು? ನಮ್ಮ ಬಿಲ್ಲಿನಿಂದ ನಿಮಗೆ ಎಷ್ಟು ಬರುತ್ತದೆ? ರೂಟ್ ಅಕೌಂಟ್ ಯಾರ ಇಮೇಲ್‌ನಲ್ಲಿರುತ್ತದೆ? ಮೊದಲ ಪ್ರಶ್ನೆಗೇ ಕೆಲವರು ಮತ್ತೆ ಫೋನ್ ಮಾಡುವುದಿಲ್ಲ, ನೋಡಿ.

ಅದೇ ಏಜೆನ್ಸಿ ಈಗ ಎಐ ಏಜೆಂಟ್ ಮಾರುತ್ತಿದೆ. ಎಐ ಬಳಕೆಯನ್ನು ಅಳೆದು ದುಡ್ಡು ಹಾಕುವ ಟೋಕನ್ ಮೊದಲ ಕೆಲವು ತಿಂಗಳು ಉಚಿತವಂತೆ. ಅವರ ಕರಪತ್ರದಲ್ಲಿ "ಯಶಸ್ವಿ ಗ್ರಾಹಕರು" ಅನ್ನುವ ಕಡೆ ಇವತ್ತಿಗೂ ನಮ್ಮ ಲೋಗೋ ಇದೆ. ತೆಗೆಯಿರಿ ಅಂತ ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ. ಇಂಥ ಕರಪತ್ರ ಕೈಗೆ ಬಂದರೆ, ಅದರಲ್ಲಿರುವ ಲೋಗೋದ ಕಂಪನಿಗಳಿಗೆ ನೇರವಾಗಿ ಒಂದು ಫೋನ್ ಮಾಡಿ ಕೇಳಿ.