ಮೊಣಕಾಲುದ್ದ ನೀರಿಗೆ ಟಿಜಿ-6, ಎರಡು ಸೀಸನ್ ಬಳಸಿದ ಮೇಲೆ

ಒಲಿಂಪಸ್ ಟಫ್ ಟಿಜಿ-6 ಅನ್ನೋ ವಾಟರ್‌ಪ್ರೂಫ್ ಕ್ಯಾಮೆರಾ ಬಗ್ಗೆ ಸಿಗೋ ರಿವ್ಯೂ ಬಹುಪಾಲು ಸಮುದ್ರಕ್ಕೆ ಇಳಿಯೋರು ಬರೆದಿದ್ದು. ಹವಳ, ಆಮೆ, ಬಣ್ಣದ ಮೀನು, 15 ಮೀಟರ್ ಆಳಕ್ಕೆ ತಗೊಂಡೋಗ್ಬೋದು ಅಂತೆಲ್ಲ. ನಮ್ಮ ಮೂಡಿಗೆರೆ ಹಳ್ಳದಲ್ಲಿ 15 ಮೀಟರ್ ಎಲ್ಲಿಂದ ತರೋದು ಮಾರಾಯ್ರೆ, ಬೇಸಿಗೇಲಿ ಪಾದ ಮುಳುಗಿದ್ರೆ ಹೆಚ್ಚು. ನಾನು ಇದನ್ನ ಸೆಕೆಂಡ್‌ಹ್ಯಾಂಡಲ್ಲಿ ತಗೊಂಡಿದ್ದು ಒಂದೇ ಕಾರಣಕ್ಕೆ, ಮೈಕ್ರೋಸ್ಕೋಪ್ ಮೋಡಿಗೆ ಹಾಕಿದ್ರೆ ಲೆನ್ಸಿಂದ 1 ಸೆಂಟಿಮೀಟರ್ ದೂರದಲ್ಲಿ ಇರೋದೂ ಫೋಕಸ್ ಆಗುತ್ತೆ. ನಂಗೆ ಬೇಕಾಗಿದ್ದು ಮೇಫ್ಲೈ ಮರಿ, ಅದು ಇರೋದೇ ಅಕ್ಕಿಕಾಳಷ್ಟು.

ಮೇಫ್ಲೈ ಗೊತ್ತಿಲ್ಲ ಅನ್ನೋರಿಗೆ, ಸಂಜೆ ಜಗಲಿ ಲೈಟಿಗೆ ಬಂದು ಬೆಳಗ್ಗೆ ಸತ್ತು ಬಿದ್ದಿರುತ್ತಲ್ಲ, ರೆಕ್ಕೆ ನೆಟ್ಟಗೆ ಮೇಲೆ ನಿಲ್ಲಿಸ್ಕೊಂಡು ಹಿಂದೆ ಕೂದಲಂಥ ಉದ್ದ ಬಾಲ ಇರೋದು, ಅದೇ. ರೆಕ್ಕೆ ಬಂದ ಮೇಲೆ ಅದಕ್ಕೆ ಊಟಾನೇ ಇಲ್ಲ, ಜೋಡಿಯಾಗಿ ಮೊಟ್ಟೆ ಇಟ್ಟು ಒಂದೆರಡು ದಿನದಲ್ಲಿ ಮುಗೀತು. ಅದಕ್ಕೆ ಮುಂಚಿನ ಜೀವನ ಎಲ್ಲ ನೀರೊಳಗೆ, ಕಲ್ಲಿನ ಅಡೀಲಿ. ಟ್ರೌಟ್ ಹಿಡಿಯೋರು ಈ ಮರಿ ಥರಾನೇ ಕಾಣೋ ಹಾಗೆ ಗಾಳಕ್ಕೆ ನೂಲು ಪುಕ್ಕ ಸುತ್ತಿ ಮೀನಿಗೆ ಮೋಸ ಮಾಡ್ತಾರೆ, ಅಷ್ಟು ಇಷ್ಟ ಟ್ರೌಟಿಗೆ. ನಮ್ಮ ಹಳ್ಳದಲ್ಲಿ ಟ್ರೌಟ್ ಇಲ್ಲ, ಬ್ರಿಟಿಷರ ಕಾಲದಲ್ಲಿ ನೀಲಗಿರಿ ಮುನ್ನಾರ್ ಕಡೆ ತಂದು ಬಿಟ್ಟಿದ್ದು, ಆದ್ರೆ ಹುಳಕ್ಕೆ ಅದೇನು ಲೆಕ್ಕ, ಹರಿಯೋ ತಣ್ಣನೆ ನೀರು, ಗುಂಡುಕಲ್ಲು ಇದ್ರೆ ಆಯ್ತು, ನಮ್ಮ ತೋಟದ ಕೆಳಗೆ ಹೇಮಾವತಿಗೆ ಸೇರೋ ಹಳ್ಳದಲ್ಲಿ ಬೇಕಾದಷ್ಟಿದೆ.

ಇದಕ್ಕೂ ಮುಂಚೆ ಆನ್‌ಲೈನಲ್ಲಿ ಸಿಗೋ ವಾಟರ್‌ಪ್ರೂಫ್ ಕವರ್ ಒಳಗೆ ಫೋನ್ ಹಾಕಿ ಟ್ರೈ ಮಾಡಿದ್ದೆ. ಮೂರನೇ ದಿನಕ್ಕೆ ಕವರ್ ಒಳಗೂ ಹಳ್ಳ. ಆ ಫೋನ್ ಕಥೆ ಮನೇಲಿ ಇನ್ನೂ ಮುಗ್ದಿಲ್ಲ, ಇಲ್ಲಿ ಬೇಡ.

ಕ್ಯಾಮೆರಾ ವಿಷ್ಯಕ್ಕೆ ಬರೋಣ. 1 ಸೆಂಟಿಮೀಟರ್ ಹತ್ರ ಹೋದ್ರೆ ಕ್ಯಾಮೆರಾ ನೆರಳೇ ಹುಳದ ಮೇಲೆ ಬೀಳುತ್ತೆ, ಇದನ್ನ ಯಾರೂ ಹೇಳಿರ್ಲಿಲ್ಲ. ಫ್ಲಾಶ್ ಹಾಕಿದ್ರೆ ನೀರಲ್ಲಿ ತೇಲೋ ಧೂಳೆಲ್ಲ ಹೊಳೆದು ಫೋಟೋ ತುಂಬ ಮಂಜು ಬಿದ್ದ ಹಾಗೆ ಬಿಳಿ ಚುಕ್ಕಿ. ಕೊನೆಗೆ ಸರಿಹೋಗಿದ್ದು ನೀರಿಗೆ ಇಳಿಸೋ ಟಾರ್ಚನ್ನ ಪಕ್ಕದಿಂದ ಓರೆಯಾಗಿ ಹಿಡಿದಾಗ, ಅಂದ್ರೆ ಒಂದು ಕೈಲಿ ಟಾರ್ಚು, ಒಂದು ಕೈಲಿ ಕ್ಯಾಮೆರಾ, ತಲೆ ನೀರಿಗೆ ತಾಗೋ ಹಾಗೆ ಬಗ್ಗಿಕೊಂಡು, ಕಾಲಿಗೆ ಇಂಬಳ ಹತ್ತಿದ್ರೂ ಕೀಳಕ್ಕೆ ಕೈ ಇಲ್ಲ. ಆ ಕಡೆಯಿಂದ ಹೋಗ್ತಿದ್ದ ಪಕ್ಕದ ತೋಟದೋರು ನಿಂತು ನೋಡಿ, 'ಏನ್ ಗೌಡ್ರೆ, ಉಂಗುರ ಬಿದ್ದೋಯ್ತಾ?' ಅಂದ್ರು. ಹುಳದ ಫೋಟೋ ಅಂತ ಹೇಳೋದಕ್ಕಿಂತ ಹೌದು ಅನ್ನೋದೇ ಸುಲಭ ಅನ್ನಿಸ್ತು. ಪಾಪ ಅವ್ರೂ ಪ್ಯಾಂಟ್ ಮಡಚಿ ಇಳಿದುಬಿಟ್ರು!

ಇನ್ನೊಂದು ತೊಂದ್ರೆ, ಕಲ್ಲು ಎತ್ತಿದ ಕೂಡ್ಲೆ ಚಪ್ಪಟೆ ಜಾತಿ ಮರಿಗಳು ಬೆಳಕು ಬಿತ್ತು ಅಂತ ಸರ್‌ ಅಂತ ಏಡಿ ಥರ ಅಡ್ಡಡ್ಡ ಓಡಿ ಕಲ್ಲಿನ ಇನ್ನೊಂದು ಮಗ್ಗುಲಿಗೆ ಹೋಗಿ ಅಂಟ್ಕೊಳುತ್ತೆ. ಈಜೋ ಜಾತಿದಂತೂ ಬಿಡಿ, ಮೀನುಮರಿ ಹಾಗೆ ಚಿಮ್ಮುತ್ತೆ. ಹಾಗಾಗಿ ಈಗ ಅರ್ಧ ಕೆಲ್ಸ ಐಸ್‌ಕ್ರೀಂ ಡಬ್ಬೀಲಿ. ಬಿಳಿ ಡಬ್ಬಿಗೆ ಹಳ್ಳದ್ದೇ ನೀರು, ಒಂದು ಚಿಕ್ಕ ಕಲ್ಲು, ಮಕ್ಕಳ ಪೇಂಟ್ ಬ್ರಶ್ಶಲ್ಲಿ ಮೆಲ್ಲಗೆ ಮರೀನ ಎತ್ತಿ ಬಿಟ್ಟು, ಕ್ಯಾಮೆರಾ ಮೂತಿ ನೀರಲ್ಲಿ ಅದ್ದಿದ್ರೆ ಆಯ್ತು. ಹೊಟ್ಟೆಯ ಎರಡೂ ಪಕ್ಕ ಎಲೆ ಎಲೆ ಥರ ಕಿವಿರು, ಅದು ಅಲೆ ಅಲೆಯಾಗಿ ಬಡಿಯೋದು ವಿಡಿಯೋದಲ್ಲಿ ನೋಡ್ಬೇಕು ನೀವು, 4ಕೆ ವಿಡಿಯೋಗೇ ಕೊಟ್ಟ ದುಡ್ಡು ವಸೂಲು. ಆದ್ರೆ ಡಬ್ಬಿ ನೀರು ಬಿಸಿಯಾಗಿ ಆಕ್ಸಿಜನ್ ಕಮ್ಮಿ ಆದಂಗೆ ಬಡಿತ ಜೋರಾಗುತ್ತೆ, ಏದುಸಿರು ಬಿಟ್ಟಂಗೆ. ಜೋರಾಯ್ತು ಅಂದ್ರೆ ಫೋಟೋ ಸಾಕು, ವಾಪಸ್ ಹಳ್ಳಕ್ಕೆ ಬಿಟ್ಬಿಡಿ.

ಫೋಕಸ್ ಸ್ಟ್ಯಾಕಿಂಗ್ ಅಂತ ಒಂದಿದೆ, ಒಂದೇ ಸಲ ಹಲವು ಫೋಟೋ ಬೇರೆ ಬೇರೆ ಫೋಕಸಲ್ಲಿ ತೆಗೆದು ತಾನೇ ಸೇರಿಸುತ್ತೆ. ಮರಿ ಸುಮ್ನೆ ಕೂತಿದ್ರೆ ಅದ್ಭುತ, ಕಿವಿರು ಬಡೀತಿದ್ರೆ ಅಷ್ಟು ಜಾಗ ಮಾತ್ರ ಕಲಸಿದ ಹಾಗೆ ಬರುತ್ತೆ. ಒಳ್ಳೇದು ಸಿಕ್ಕಾಗ ಝೂಮ್ ಮಾಡಿದ್ರೆ ಕಾಲಿನ ತುದೀಲಿ ಒಂದೇ ಉಗುರು ಕಾಣುತ್ತೆ. ಅದು ಮುಖ್ಯ ಯಾಕಂದ್ರೆ ಅದೇ ಕಲ್ಲಿನಡಿ ಇರೋ ಸ್ಟೋನ್‌ಫ್ಲೈ ಮರಿಗೆ ಎರಡು ಉಗುರು, ಬಾಲ ಎಣಿಸಿ ಗುರುತಿಸೋಕೆ ಹೋದ್ರೆ ಮೋಸ ಹೋಗ್ತೀರ, ಮೇಫ್ಲೈಗೆ ಸಾಮಾನ್ಯ ಮೂರು ಬಾಲ ಆದ್ರೂ ಕೆಲವಕ್ಕೆ ಸ್ಟೋನ್‌ಫ್ಲೈ ಥರಾನೇ ಎರಡೇ. ಬೆನ್ನ ಮೇಲಿನ ರೆಕ್ಕೆ ಮೊಗ್ಗು ಕಪ್ಪಾಗಿದ್ರೆ ಇನ್ನೇನು ಹಾರೋದು ಹತ್ರ ಅಂತ ಅರ್ಥ.

ಕ್ಯಾಮೆರಾದ ಬೆಳಕು ಹಿಡಿಯೋ ಸೆನ್ಸಾರ್ ಚಿಕ್ಕದು, ಸಿಲ್ವರ್ ಓಕ್ ಮರದ ನೆರಳಲ್ಲಿ ಟಾರ್ಚ್ ಇಲ್ಲದೆ ತೆಗೆದ್ರೆ ಫೋಟೋ ರವೆ ರವೆ, ಇಷ್ಟು ಸಣ್ಣ ಸೆನ್ಸಾರಿನ ಯಾವುದೇ ಕ್ಯಾಮೆರಾದಲ್ಲೂ ಇದೇ ಕಥೆ. 2023ರಲ್ಲಿ ಟಿಜಿ-7 ಬಂದಿದೆ, ಚಾರ್ಜಿಂಗ್ ಟೈಪ್-ಸಿ ಆಗಿದೆ, ಲೆನ್ಸು ಮೆಗಾಪಿಕ್ಸೆಲ್ಲು ಹಳೇದೇ, ಹಳೇದು ಕಮ್ಮಿಗೆ ಸಿಕ್ರೆ ಅದನ್ನೇ ತಗೊಳಿ. ಜಲಪಾತದ ಕೆಳಗೆ ಸೆಲ್ಫಿಗೆ ಅಂತಾದ್ರೆ ದಂಡ.

ಯಾವಾಗ ಹೋಗೋದು ಅಂದ್ರೆ, ಮಳೆಗಾಲದಲ್ಲಿ ಹಳ್ಳ ಕೆಂಪು ಚಹಾ, ಏನೂ ಕಾಣಲ್ಲ. ಮಳೆ ನಿಂತು ನೀರು ತಿಳಿಯಾದಾಗ, ಕಾಫಿ ಪಲ್ಪಿಂಗ್, ಅಂದ್ರೆ ಹಣ್ಣಿನ ಸಿಪ್ಪೆ ಸುಲಿಯೋ ಕೆಲ್ಸ, ಜೋರಾಗೋ ಮುಂಚೆ. ಬೇಜಾರಾದ್ರೂ ಹೇಳ್ತೀನಿ, ನಾನೂ ಬೆಳೆಗಾರನೇ, ಪಲ್ಪರ್ ನೀರು ಹಳ್ಳಕ್ಕೆ ಬಿಟ್ಟ ಕಡೆ ಕಲ್ಲು ಎತ್ತಿ ನೋಡಿದ್ರೆ ಲೋಳೆ, ಕೆಟ್ಟ ವಾಸನೆ, ಮೇಫ್ಲೈ ಒಂದೂ ಇಲ್ಲ, ಕೆಂಪು ಹುಳ ಮಾತ್ರ. ಅದೇ ಕ್ಯಾಮೆರಾ, ಅದೇ ಹಳ್ಳ, ಹೋದ ವರ್ಷದ ಫೋಟೋ ಪಕ್ಕ ಇಟ್ಟು ನೋಡಿ ನಮ್ಮ ತೋಟದ ಪಲ್ಪರ್ ಗುಂಡಿಗೆ ಈ ಸಲ ಏರಿ ಎತ್ತರಿಸಿದ್ದೀನಿ.

ಒಂದು ಮರ್ತೆ, ಈ ಕ್ಯಾಮೆರಾ ತೇಲಲ್ಲ, ಮುಳುಗುತ್ತೆ. ಕೆಂಪೋ ಹಳದಿಯೋ ತೇಲೋ ಸ್ಟ್ರಾಪ್ ಹಾಕ್ಕೊಳಿ, ಕಪ್ಪು ಕಲ್ಲಿನ ಮಧ್ಯೆ ಕಪ್ಪು ಸ್ಟ್ರಾಪ್ ಹುಡುಕ್ತಾ ಕೂತ್ರೆ ಪಕ್ಕದ ತೋಟದೋರು ಮತ್ತೆ ಉಂಗುರ ಕೇಳ್ತಾರೆ.