ಬಿಟ್ಟುಹೋಗುವುದನ್ನೂ ಕೆಲಸವೆಂದು ಬಗೆದ ಸಾಫ್ಟ್‌ವೇರ್ ಸೇವೆ

ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಗ್ರಂಥಾಲಯದ ಪುಸ್ತಕಗಳ ಲೆಕ್ಕವಿಡುವುದು ಕೋಹಾ ಎಂಬ ಮುಕ್ತ ತಂತ್ರಾಂಶ. 2000ದ ಜನವರಿಯಲ್ಲಿ ನ್ಯೂಜಿಲೆಂಡಿನ ಗ್ರಂಥಾಲಯವೊಂದರಲ್ಲಿ ಮೊದಲು ಬಳಕೆಗೆ ಬಂದ ಇದನ್ನು ಈಗ ಹಲವು ದೇಶಗಳವರು ಸೇರಿ ನಿರ್ವಹಿಸುತ್ತಾರೆ. ಪುಸ್ತಕದ ಬೆನ್ನಿಗೆ ಅಂಟಿಸುವ ಕನ್ನಡ-ಮರಾಠಿ ಚೀಟಿಗಳನ್ನು ಮುದ್ರಿಸುವ ಪ್ಲಗಿನ್ (ಕೋಹಾಕ್ಕೆ ಸೇರಿಸುವ ಪುಟ್ಟ ತಂತ್ರಾಂಶ) ಬರೆದುಕೊಟ್ಟವರು ಊರಿನವರೇ ಆದ ಇಬ್ಬರು ಡೆವಲಪರ್‌ಗಳು. ಅವರ ಕೆಲಸ ಚೆನ್ನಾಗಿತ್ತು; ಅದನ್ನು ಬಿಟ್ಟುಹೋದ ರೀತಿ ಇನ್ನೂ ಚೆನ್ನಾಗಿತ್ತು.

ಪುಣೆಗೆ ಹೋಗುವುದು ಖಚಿತವಾದಾಗ ಮೂರು ತಿಂಗಳು ಮೊದಲೇ ತಿಳಿಸಿದರು. ತಮ್ಮ ಕೆಲಸ ವಹಿಸಿಕೊಳ್ಳಲಿದ್ದ ಹೊಸಬರು ಕೋಡ್‌ಗೆ ಮಾಡಿದ ಪ್ರತಿಯೊಂದು ತಿದ್ದುಪಡಿಯನ್ನೂ ಎರಡು ತಿಂಗಳು ತಾವೇ ಓದಿ ಒಪ್ಪಿದ ಬಳಿಕವಷ್ಟೇ ರೆಪಾಸಿಟರಿಯ (ಕೋಡ್ ಇಟ್ಟಿರುವ ಭಂಡಾರದ) ಅಧಿಕಾರವನ್ನು ವರ್ಗಾಯಿಸಿ, ತಮ್ಮ ಹಳೆಯ ಟೋಕನ್‌ಗಳನ್ನು (ಅದರೊಳಗೆ ಹೋಗುವ ಡಿಜಿಟಲ್ ಕೀಲಿಗಳನ್ನು) ನಮ್ಮೆದುರೇ ರದ್ದುಮಾಡಿದರು. ಇದು ಅತಿಯಾಯಿತೆಂದು ಆಗ ನನಗನಿಸಿದ್ದು ನಿಜ. ಆದರೆ 2018ರಲ್ಲಿ ಇವೆಂಟ್-ಸ್ಟ್ರೀಮ್ ಎಂಬ ಪ್ಯಾಕೇಜನ್ನು (ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡನ್ನು) ಅದರ ನಿರ್ವಾಹಕರು ನೆರವಾಗುತ್ತೇನೆಂದು ಬಂದ ಅಪರಿಚಿತನಿಗೆ ಒಪ್ಪಿಸಿದ್ದರಿಂದ ಬಿಟ್‌ಕಾಯಿನ್ ಕದಿಯುವ ಕೋಡ್ ಒಳಸೇರಿತ್ತು; 2024ರಲ್ಲಿ ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಪತ್ತೆಯಾದ, ಹೊರಗಿನವರು ಗುಟ್ಟಾಗಿ ಒಳನುಗ್ಗಬಲ್ಲ ಹಿಂಬಾಗಿಲಂತೂ ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿದು ನಂಬಿಕೆ ಗಳಿಸಿದ್ದ ಸಹನಿರ್ವಾಹಕನ ಖಾತೆಯಿಂದಲೇ ಬಂದಿತ್ತು. ಹಾಗೆ ನೋಡಿದರೆ ನಮ್ಮ ಎರಡು ತಿಂಗಳೂ ಕಡಿಮೆಯೇ.

ಬಾಕಿ ಉಳಿದ ದೋಷಗಳನ್ನು ಮುಚ್ಚಿಡದೆ ಬರೆದಿಟ್ಟಿದ್ದಾರೆ: 'ಒತ್ತಕ್ಷರ ಕತ್ತರಿಸಿಹೋದರೆ ಚೀಟಿಯ ಎತ್ತರವನ್ನು 2 ಮಿಲಿಮೀಟರ್ ಹೆಚ್ಚಿಸಿ' ಎಂಬಷ್ಟು ವಿವರವಾಗಿ. ಬ್ಯಾಕಪ್ಪನ್ನು ಮರಳಿ ತುಂಬಿಕೊಳ್ಳುವ ಕ್ರಮವನ್ನು ಮಾತ್ರ ಬಾಯಿಮಾತಿನಲ್ಲಿ ಹೇಳಿ ಹೋದದ್ದರಿಂದ, ಜೂನ್‌ನಲ್ಲಿ ಸರ್ವರ್ ಕೆಟ್ಟಾಗ ಅವರಿಗೆ ಮೂರು ಸಲ ಫೋನ್ ಮಾಡಬೇಕಾಯಿತು. ಮೂರು ಸಲವೂ ಎತ್ತಿದರು; ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ.